ಹಪ್ಪಳದ ವೆಬ್‌ಸೈಟಿಗೆ ಬಾಗಿಲು ಯಾವ ಕಡೆ?

ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಹೆಂಗಸರು ವೆಬ್‌ಸೈಟ್ ಮಾಡಿಸಿಕೊಳ್ಳುವುದು ಈಗ ಹೊಸದೇನಲ್ಲ. ಮಗನೋ, ಅಳಿಯನೋ, ಪಕ್ಕದ ಮನೆಯ ಎಂಜಿನಿಯರಿಂಗ್ ಓದುವ ಹುಡುಗಿಯೋ ಒಂದು ಭಾನುವಾರ ಕೂತು ಮಾಡಿಕೊಡುತ್ತಾರೆ. ಸಿದ್ಧವಾಗಿ ಸಿಗುವ ಟೆಂಪ್ಲೇಟು ಒಂದನ್ನು ಆರಿಸಿ, ಅದರೊಳಗೆ ನಮ್ಮ ಹೆಸರು, ನಮ್ಮ ಫೋಟೋ ತುಂಬುತ್ತಾರೆ, ಅಷ್ಟೆ. ರೆಡಿಮೇಡ್ ರವಿಕೆ ಕೊಂಡ ಹಾಗೆ ಎನ್ನಿ. ಆದರೆ ರವಿಕೆಯನ್ನು ನಾವು ತಂದ ಹಾಗೇ ತೊಡುತ್ತೇವೆಯೆ? ಪಕ್ಕದಲ್ಲಿ ಹೊಲಿಗೆ ಬಿಚ್ಚಿ, ತೋಳು ಹಿಡಿಸಿ, ಮೈಗೆ ಹೊಂದಿಸಿಕೊಳ್ಳುತ್ತೇವೆ. ವೆಬ್‌ಸೈಟನ್ನು ಮಾತ್ರ ಬಂದ ಹಾಗೇ ಇಟ್ಟುಬಿಡುತ್ತೇವೆ.

ಸಾಗರದ ಕಡೆಯ ಗೃಹಿಣಿಯೊಬ್ಬರ ಸಂಗತಿ ಕೇಳಿ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಅವರ ಕೈಗುಣ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ, ಬೇಸಿಗೆಯೆಲ್ಲ ಹಪ್ಪಳ ಒತ್ತಿ, ಮಳೆ ಹಿಡಿಯುವುದರೊಳಗೆ ಒಣಗಿಸಿ ಡಬ್ಬ ತುಂಬಿದ್ದರು. ವೆಬ್‌ಸೈಟೂ ತಯಾರಾಗಿತ್ತು. ಜನ ನೋಡುತ್ತಲೂ ಇದ್ದರು. ಆರ್ಡರು ಮಾತ್ರ ಇಲ್ಲ! ಕೊನೆಗೆ ಬೆಂಗಳೂರಿನಿಂದ ತಂಗಿಯ ಮಗಳು ಫೋನು ಮಾಡಿ, "ದೊಡ್ಡಮ್ಮ, ಸೈಟೇನೋ ಚೆಂದ ಇದೆ. ಆದ್ರೆ ಹಪ್ಪಳ ಬೇಕು ಅಂದ್ರೆ ಎಲ್ಲಿ ಒತ್ತೋದು?" ಎಂದು ಕೇಳಿದಳಂತೆ.

ಆಗಿದ್ದು ಇಷ್ಟು. ಆ ಟೆಂಪ್ಲೇಟು ಯಾವುದೋ ದೊಡ್ಡ ಆಫೀಸಿಗೆಂದು ಹೊಲಿದದ್ದು. ಮೇಲಿನ ಪಟ್ಟಿಯಲ್ಲಿ ಹೋಮ್, ಅಬೌಟ್, ಸರ್ವೀಸಸ್, ಪೋರ್ಟ್‌ಫೋಲಿಯೊ, ಟೀಮ್, ಗ್ಯಾಲರಿ, ಬ್ಲಾಗ್, ಕಾಂಟ್ಯಾಕ್ಟ್ ಎಂದು ಎಂಟು ಬಾಗಿಲು. ಹಪ್ಪಳ ಮಾಡುವಾಕೆಗೆ ಎಂಥ ಪೋರ್ಟ್‌ಫೋಲಿಯೊ! ಹಪ್ಪಳ 'ಸರ್ವೀಸಸ್' ಒಳಗೆ ಅಡಗಿತ್ತು, ಫೋನ್ ನಂಬರು ಪುಟದ ತೀರಾ ಕೆಳಗೆ. ನಟ್ಟನಡುವೆ ತಟ್ಟೆಯಗಲದ ಲೋಗೋ. ಮೊಬೈಲಿನಲ್ಲಿ ತೆರೆದರೆ ಅರ್ಧ ಪರದೆ ಲೋಗೋವೇ ತುಂಬಿಕೊಂಡು, ಎಂಟೂ ಬಾಗಿಲು ಮೂಲೆಯ ಮೂರು ಗೆರೆಯೊಳಗೆ ಮುಚ್ಚಿಹೋಗಿದ್ದವು.

ಈ ಮೂರು ಗೆರೆಯ ಚಿತ್ರ ಇಂದು ನಿನ್ನೆಯದಲ್ಲ. 1981ರಲ್ಲಿ ಜೆರಾಕ್ಸ್ ಕಂಪನಿಯ 'ಸ್ಟಾರ್' ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬಾತ ಬರೆದದ್ದು. ಒಳಗೊಂದು ಪಟ್ಟಿ ಇದೆ ಎಂದು ತಿಳಿಸುವ ಗುರುತು. ಮಕ್ಕಳಿಗೆ ಇದೆಲ್ಲ ಬೆರಳ ತುದಿಯಲ್ಲಿ. ಆದರೆ ನಮ್ಮ ಹಪ್ಪಳ ಕೊಳ್ಳುವವರಲ್ಲಿ ಅರ್ಧ ಜನ ನಮ್ಮ ವಯಸ್ಸಿನವರೇ. ಅವರಿಗೆ ಅದು ಮೂರು ಗೆರೆ, ಅಷ್ಟೆ. ವೆಬ್‌ಸೈಟುಗಳ ಬಳಕೆಯನ್ನೇ ಪರೀಕ್ಷಿಸುವ ಅಮೆರಿಕದ ನೀಲ್ಸನ್ ನಾರ್ಮನ್ ಗ್ರೂಪ್ ಎಂಬ ಸಂಸ್ಥೆಯೂ 2016ರಲ್ಲಿ ಇದನ್ನೇ ಹೇಳಿತು: ಮೆನುವನ್ನು ಮುಚ್ಚಿಟ್ಟರೆ ಅದರೊಳಗಿನದನ್ನು ಜನ ಕಂಡುಹಿಡಿಯುವುದು ಕಡಿಮೆಯಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಬಾಗಿಲು ಕಡಿಮೆ ಮಾಡಿ. ಮುಖಪುಟ, ಹಪ್ಪಳ, ಉಪ್ಪಿನಕಾಯಿ, ಬೆಲೆ, ಆರ್ಡರ್ – ಐದು ಸಾಕು. ಅಂಗಡಿಗೆ ಬಂದವರು ಬಾಯಲ್ಲಿ ಏನು ಕೇಳುತ್ತಾರೋ ಅದೇ ಮಾತು ಮೆನುವಿನಲ್ಲಿರಲಿ. 'ಉತ್ಪನ್ನಗಳು' ಎಂದರೆ ಸರ್ಕಾರಿ ಕಾಗದದ ಹಾಗೆ ಕೇಳಿಸುತ್ತದೆ, 'ಹಪ್ಪಳ' ಎಂದರೆ ಹಪ್ಪಳವೇ. ಮನೆಯವರ ಕಥೆ, ಫೋಟೋ, ಆಹಾರ ಇಲಾಖೆ ಕೊಟ್ಟ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ಇವೆಲ್ಲ ಪುಟದ ತಳಭಾಗಕ್ಕೆ ಹೋಗಲಿ. ಬೇಕಾದವರು ಅಲ್ಲಿ ಹುಡುಕುತ್ತಾರೆ.

'ಆರ್ಡರ್' ಎಂಬುದನ್ನು ಮಾತ್ರ ಮೂರು ಗೆರೆಯಿಂದ ಹೊರಗೆ, ಬೇರೆ ಬಣ್ಣದ ಗುಂಡಿಯಾಗಿ ಇಡಿಸಿ. ಗುಂಡಿಯ ಲಿಂಕಿನ ಜಾಗದಲ್ಲಿ ಇಂಗ್ಲಿಷಿನ ಟಿ, ಇ, ಎಲ್ ಅಕ್ಷರಗಳು, ಒಂದರ ಮೇಲೊಂದು ಎರಡು ಚುಕ್ಕಿ, ಆಮೇಲೆ +91 ಸೇರಿಸಿ ನಿಮ್ಮ ನಂಬರು ಹಾಕಿದರೆ, ಮೊಬೈಲಿನಲ್ಲಿ ಒತ್ತಿದೊಡನೆ ಡಯಲ್ ಮಾಡುವ ಪರದೆಗೇ ಹೋಗುತ್ತದೆ. ನಂಬರು ಬರೆದುಕೊಳ್ಳಲು ಯಾರೂ ಪೆನ್ನು ಹುಡುಕಬೇಕಾಗಿಲ್ಲ.

ಇನ್ನು ಲೋಗೋ. ನಮ್ಮ ಹೆಸರು ದೊಡ್ಡದಾಗಿ ನಡುವೆ ಕಾಣಲಿ ಎಂಬ ಆಸೆ ಯಾರಿಗಿಲ್ಲ ಹೇಳಿ? ಆದರೆ ಅದರ ಸರಿಯಾದ ಜಾಗ ಎಡಗಡೆಯ ಮೇಲ್ತುದಿ. ಕನ್ನಡವಾಗಲಿ ಇಂಗ್ಲಿಷಾಗಲಿ ನಾವು ಓದುವುದು ಎಡದಿಂದ; ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಮೇಲೆ ಹೇಳಿದ ಸಂಸ್ಥೆಯೇ 2016ರಲ್ಲಿ ಇದನ್ನೂ ಪರೀಕ್ಷಿಸಿತ್ತು. ಬಲಗಡೆಯ ಲೋಗೋಗಿಂತ ಎಡಗಡೆಯದು ಜನರ ನೆನಪಿನಲ್ಲಿ ಹೆಚ್ಚು ಉಳಿಯಿತು. ನಡುವೆ ಇಟ್ಟಾಗ, ಲೋಗೋ ಒತ್ತಿ ಮುಖಪುಟಕ್ಕೆ ಮರಳುವುದಕ್ಕೆ ಜನ ಹೆಚ್ಚು ತಡಕಾಡಿದರು. ಲೋಗೋ ಒತ್ತಿದರೆ ಮುಖಪುಟಕ್ಕೆ ಬರುವಂತೆ ಲಿಂಕು ಇದೆಯೇ ನೋಡಿಕೊಳ್ಳಿ. ಹಾಗೆಂದು 'ಮುಖಪುಟ' ಎಂಬ ಮಾತನ್ನು ತೆಗೆಯಬೇಡಿ, ಲೋಗೋ ಒತ್ತಬಹುದೆಂದು ಎಲ್ಲರಿಗೂ ಗೊತ್ತಿರುವುದಿಲ್ಲ.

ಬಣ್ಣದ ಪಟ್ಟಿಯ ಮೇಲೆ ಲೋಗೋ ಸುತ್ತ ಬಿಳಿ ಚೌಕ ಕಾಣುತ್ತಿದ್ದರೆ ಅದು ಜೆಪಿಜಿ ಚಿತ್ರ ಎಂದು ತಿಳಿಯಿರಿ. ಹಿನ್ನೆಲೆ ತೆಗೆದ ಪಿಎನ್‌ಜಿ ಮಾಡಿಕೊಡಲು ಹೇಳಿ.

ಕನ್ನಡದಲ್ಲಿ ಮೆನು ಬರೆಸಿದವರಿಗೆ ಇನ್ನೊಂದು ಪೇಚು ಕಾದಿರುತ್ತದೆ. ಟೆಂಪ್ಲೇಟು ಮಾಡಿದವನ ಲೆಕ್ಕ ಇಂಗ್ಲಿಷ್ ಅಕ್ಷರದ್ದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವಲ್ಲ, ಪಟ್ಟಿ ಬಿಗಿಯಾಗಿದ್ದರೆ ಅವು ಕತ್ತರಿಸಿಹೋಗುತ್ತವೆ. ಹಪ್ಪಳ ಹೋಗಿ 'ಹಪಳ', ಉಪ್ಪಿನಕಾಯಿ ಹೋಗಿ 'ಉಪಿನಕಾಯಿ'! ನೋಡಿದವರು ಇವರಿಗೆ ಕನ್ನಡವೇ ಬರುವುದಿಲ್ಲ ಅಂದುಕೊಂಡಾರು. ಲೈನ್ ಹೈಟ್ ಎಂಬ ಅಳತೆಯನ್ನು 1.6 ಅಥವಾ 1.8ಕ್ಕೆ ಏರಿಸಿ, ಪಟ್ಟಿಯ ಎತ್ತರವನ್ನೂ ಕೊಂಚ ಸಡಿಲಿಸಿದರೆ ಒತ್ತು ಪೂರ್ತಿ ಕಾಣುತ್ತದೆ. ಉದ್ದದ ಪದವಿದ್ದರೆ ಮೆನು ಎರಡನೇ ಸಾಲಿಗೆ ಮುರಿಯುತ್ತದೆ. ಅಕ್ಷರ ಸಣ್ಣದು ಮಾಡುವ ಬದಲು ಪದ ಸಣ್ಣದು ಮಾಡಿ. 'ನಮ್ಮನ್ನು ಸಂಪರ್ಕಿಸಿ'ಗಿಂತ 'ಫೋನ್' ವಾಸಿ.

ಇದನ್ನೆಲ್ಲ ಬದಲಿಸುವುದೆಲ್ಲಿ ಅಂತೀರಾ? ನಿಮ್ಮ ಸೈಟು ವರ್ಡ್‌ಪ್ರೆಸ್ಸಿನದಾದರೆ ಎರಡು ದಾರಿ. ಹಳೆಯ ಬಗೆಯ ಥೀಮಿನಲ್ಲಿ ಅಪಿಯರೆನ್ಸ್, ಅದರೊಳಗೆ ಕಸ್ಟಮೈಸ್, ಅದರೊಳಗೆ ಸೈಟ್ ಐಡೆಂಟಿಟಿ ಎಂಬಲ್ಲಿ ಲೋಗೋ ಸಿಗುತ್ತದೆ. ಮೆನು 'ಮೆನೂಸ್' ಎಂಬಲ್ಲಿ. 2022ರಿಂದೀಚೆಗೆ ಬಂದಿರುವ ಬ್ಲಾಕ್ ಥೀಮುಗಳಲ್ಲಿ ಅಪಿಯರೆನ್ಸ್ ಒಳಗಿನ 'ಎಡಿಟರ್' ತೆರೆದು, ಪುಟದ ತಲೆಯ ಮೇಲೆ ಒತ್ತಿ ಅಲ್ಲಿಯೇ ತಿದ್ದಬಹುದು. ಅದರಲ್ಲಿ ನ್ಯಾವಿಗೇಶನ್ ಬ್ಲಾಕಿಗೆ 'ಓವರ್‌ಲೇ ಮೆನು' ಎಂಬ ಆಯ್ಕೆಯಿದೆ: ಆಫ್, ಮೊಬೈಲ್, ಆಲ್ವೇಸ್. ಆಲ್ವೇಸ್ ಇದ್ದರೆ ದೊಡ್ಡ ಕಂಪ್ಯೂಟರಿನಲ್ಲೂ ಮೂರು ಗೆರೆಯೇ. ಐದೇ ಚಿಕ್ಕ ಪದಗಳಿದ್ದರೆ ಆಫ್ ಮಾಡಿ ನೋಡಿ, ಮೊಬೈಲಿನಲ್ಲೂ ಎಲ್ಲವೂ ಎದುರಿಗೇ ಇರುತ್ತವೆ.

ಮಾಡಿಕೊಡುವ ಹುಡುಗರಿಗೆ ಒಂದು ಮಾತು ಖಡಾಖಂಡಿತ ಹೇಳಿಬಿಡಿ: "ಥೀಮಿನ ಫೈಲುಗಳಿಗೆ ಕೈ ಹಾಕಬೇಡಪ್ಪ." ಅಲ್ಲಿ ತಿದ್ದಿದ್ದು ಥೀಮು ಅಪ್‌ಡೇಟ್ ಆದ ದಿನ ಅಳಿಸಿಹೋಗುತ್ತದೆ. ಕಸ್ಟಮೈಸ್‌ನಲ್ಲೋ ಎಡಿಟರಿನಲ್ಲೋ ಮಾಡಿದ ಬದಲಾವಣೆ ಉಳಿಯುತ್ತದೆ. ಫೈಲನ್ನೇ ಮುಟ್ಟಬೇಕಾಗಿ ಬಂದರೆ 'ಚೈಲ್ಡ್ ಥೀಮ್' ಮಾಡಿಕೊಳ್ಳಬೇಕು. ಹುಡುಗ ಮುಂದೆ ಕೆಲಸ ಸಿಕ್ಕಿ ಪುಣೆಗೋ ಹೈದರಾಬಾದಿಗೋ ಹೊರಟುಹೋದರೆ ಮತ್ತೆ ಯಾರನ್ನು ಹಿಡಿಯುವುದು? ಪಾಸ್‌ವರ್ಡು ನಿಮ್ಮ ಬಳಿಯೂ ಇರಲಿ, ಲೆಕ್ಕದ ಪುಸ್ತಕದ ಜೊತೆಗೇ ಜೋಪಾನವಾಗಿ.

ಎಲ್ಲ ಮುಗಿದ ಮೇಲೆ ನಿಮ್ಮ ಫೋನಿನಲ್ಲಿ ನೋಡಿ ಸಮಾಧಾನಪಡಬೇಡಿ. ನಿಮಗೆ ದಾರಿ ಗೊತ್ತಿದೆ. ಅತ್ತೆಯವರ ಕೈಗೋ, ಎದುರುಮನೆಯ ಅಜ್ಜಿಯ ಕೈಗೋ ಫೋನು ಕೊಟ್ಟು, "ಅರ್ಧ ಕೆಜಿ ಹಪ್ಪಳ ತರಿಸಿ ನೋಡೋಣ" ಎನ್ನಿ. ನೀವು ಬಾಯಿ ಬಿಡಬಾರದು, ಬೆರಳು ತೋರಿಸಬಾರದು. ಅವರ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ. ಸಾಗರದ ಆ ಗೃಹಿಣಿ ಈ ಪರೀಕ್ಷೆಯನ್ನು ಮೂರು ಸಲ ಮಾಡಿದರಂತೆ. ಮೂರನೆಯ ಸಲ ಅಜ್ಜಿ ಕನ್ನಡಕವನ್ನೂ ಹಾಕಿಕೊಳ್ಳದೆ ಹಸಿರು ಗುಂಡಿ ಒತ್ತಿದರು, ಪಕ್ಕದ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು.