ಮನೆಯ ಬ್ಯಾರಿ, ಪುಸ್ತಕದ ಕನ್ನಡ

ನಮ್ಮ ಕಾಲೇಜಿನಲ್ಲಿ ಬ್ಯಾರಿ ಮನೆಮಾತಿನವರು ಹಲವರಿದ್ದೇವೆ. ಆದರೂ ಕ್ಯಾಂಟೀನಿನಲ್ಲಿ ಮಾತು ಹೊರಳುವುದು ಕನ್ನಡಕ್ಕೆ, ಇಲ್ಲವೇ ಅರೆಬರೆ ಇಂಗ್ಲಿಷಿಗೆ. ಬ್ಯಾರಿಯಲ್ಲಿ ಓದಲು ಏನಿದೆ ಎಂದು ಗೆಳತಿಯೊಬ್ಬಳು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಬ್ಯಾರಿ ಎಂಬ ಹೆಸರು ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ, ಎಂಬ ಪದದಿಂದ ಬಂದಿದೆ ಎನ್ನುತ್ತಾರೆ. ಹಿರಿಯರ ಕಸುಬಿನ ಗುರುತು ಹೆಸರಲ್ಲೇ ಉಳಿದಿದೆ. ಭಾಷೆ ಮಲಯಾಳಕ್ಕೆ ಹತ್ತಿರ, ತುಳುವಿನ ಪ್ರಭಾವ ದಟ್ಟ, ನಡುನಡುವೆ ಅರಬ್ಬಿ ಪದಗಳು. ಈಗ ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ಹಾಗಾಗಿ ಓದಲು ಬರುವುದಿಲ್ಲ ಎಂಬ ನೆಪ ನಮಗಿಲ್ಲ! ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಿಂದ ಇದೆ.

ಕನ್ನಡದಲ್ಲಿ ಬರೆದ ನಮ್ಮವರನ್ನೂ ಮರೆಯಬಾರದು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ, ಬರೆದದ್ದು ಕನ್ನಡದಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾದಿರಾಳ ತಲಾಖ್ ನಡೆಯುವುದು ಅವಳ ಅಪ್ಪನ ಹಠದಿಂದ. ಅವಳ ಇಷ್ಟವನ್ನು ಕೇಳುವವರೇ ಇಲ್ಲ. ಇಂಥದ್ದನ್ನು ಬರೆದದ್ದಕ್ಕೆ ಲೇಖಕಿ ಕಟುವಾದ ವಿರೋಧವನ್ನೂ ಎದುರಿಸಿದರು. ನನಗಂತೂ ಅವರು ಅಜ್ಜ-ಅಜ್ಜಿಯರಷ್ಟೇ ಹತ್ತಿರದ ಹಿರಿಯರು. ಹಿರಿಯರಿಂದ ಬಂದದ್ದರಲ್ಲಿ ಮದುವೆ ಹಾಡೂ ಇದೆ, ಆ ಮದುವೆಯಲ್ಲಿ ಹೆಣ್ಣಿಗಾದ ಅನ್ಯಾಯವನ್ನು ಕೇಳಿದ ಧೈರ್ಯವೂ ಇದೆ. ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಯ ಕತೆಗಳನ್ನು ಓದಿದರೆ ನಮ್ಮ ಪಕ್ಕದ ಓಣಿಯವರೇ ಮಾತಾಡಿದಂತಿರುತ್ತದೆ.

ಹಾಡೆಂದಾಗ ನೆನಪಾಯಿತು. ನನ್ನ ಅಜ್ಜಿಗೆ ಹಳೆಯ ಮದುವೆ ಹಾಡುಗಳು ಬಾಯಿಪಾಠ. ರಜೆಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಅರ್ಥ ಉಮ್ಮನಿಗೂ ಗೊತ್ತಿಲ್ಲ, ಅಜ್ಜಿಯನ್ನೇ ಕೇಳಬೇಕು.