ಹಿತ್ತಲ ಚಪ್ಪರದಿಂದ ಹಬ್ಬದ ಜಾಡಿಗೆ

ಅಕ್ಟೋಬರ್-ನವೆಂಬರ್ ಬಂತೆಂದರೆ ಬೆಂಗಳೂರು, ಮಂಗಳೂರುಗಳ ಅನೇಕ ಕ್ರೈಸ್ತ ಮನೆಗಳ ಅಡುಗೆಮನೆ ಮೂಲೆಯಲ್ಲಿ ಒಂದು ಪಿಂಗಾಣಿ ಜಾಡಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂರುತ್ತದೆ. ಒಳಗೆ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ-ಲವಂಗ, ಚಿಟಿಕೆ ಯೀಸ್ಟ್. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕುತ್ತಾ ಬಂದು, ಮೂರು ವಾರ ಕಳೆದ ಮೇಲೆ ಸೋಸಿಟ್ಟರೆ ಕ್ರಿಸ್‌ಮಸ್ ವೈನ್ ಸಿದ್ಧ. ಆ ದ್ರಾಕ್ಷಿಯನ್ನೂ ಮನೆಯ ಹಿತ್ತಲಲ್ಲೇ ಬೆಳೆಯಬಾರದೇಕೆ ಎಂಬ ಪ್ರಶ್ನೆ ಅಂಗಳವಿರುವ ಯಾರಿಗಾದರೂ ಬರುವಂಥದ್ದೇ.

ಬೆಳೆಯಬಹುದು. ಅದಕ್ಕೆ ಹೇಳಿ ಮಾಡಿಸಿದ ತಳಿ ನಮ್ಮಲ್ಲೇ ಇದೆ: 'ಬೆಂಗಳೂರು ಬ್ಲೂ'. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯಲ್ಲಿ ತಲೆಮಾರುಗಳಿಂದ ಬೆಳೆಯುತ್ತಿರುವ ಇದಕ್ಕೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಹೆಸರು ಊರಿನದಾದರೂ ಮೂಲ ಅಮೆರಿಕದ್ದು. ಇದು ಅಲ್ಲಿನ ಇಸಬೆಲ್ಲಾ ತಳಿಯದೇ ಇನ್ನೊಂದು ಹೆಸರು ಎನ್ನುತ್ತವೆ ತೋಟಗಾರಿಕೆ ಗ್ರಂಥಗಳು. ಸಿಪ್ಪೆ ದಪ್ಪ, ಒಳಗೆ ಬೀಜ, ಮೂಗಿಗೆ ಅಡರುವ ಗಾಢ ಪರಿಮಳ. ಆ ಪರಿಮಳವೇ ಯೂರೋಪಿನ ವೈನ್ ಪಂಡಿತರಿಗೆ ಆಗದು. ವೈನ್ ಮಿತಿಮೀರಿ ಬೆಲೆ ಕುಸಿದ ಕಾಲದಲ್ಲಿ, 1934ರ ಕೊನೆಗೆ, ಫ್ರಾನ್ಸ್ ಇಸಬೆಲ್ಲಾ ಸೇರಿದಂತೆ ಆರು ತಳಿಗಳನ್ನು ನಿಷೇಧಿಸಿತು. ಅಲ್ಲಿಯೂ ಅವು ಬಡ ರೈತರ ಹಿತ್ತಲ ಬಳ್ಳಿಗಳೇ ಆಗಿದ್ದವೆಂಬುದು ಗಮನಿಸತಕ್ಕ ಸಂಗತಿ.

ನೆಡುವುದು ಕಷ್ಟವಲ್ಲ. ಬಲಿತ ಕಡ್ಡಿಯಲ್ಲಿ ನಾಲ್ಕು ಕಣ್ಣುಗಳಿರುವಷ್ಟು ಉದ್ದ ಕತ್ತರಿಸಿ, ಬೇರು ಬರಿಸಿ, ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಗೊಬ್ಬರದ ಗುಂಡಿಗೆ ಇಳಿಸಬೇಕು. ಒಂದೇ ಕಾಂಡವನ್ನು ಆಳೆತ್ತರದ ಚಪ್ಪರಕ್ಕೆ ಹತ್ತಿಸಿ, ತುದಿ ಚಿವುಟಿ ಎರಡು ಕೈ ಹರಡಿಸಬೇಕು. ನೆಮ್ಮದಿಯ ಫಸಲಿಗೆ ಮೂರನೆಯ ವರ್ಷದವರೆಗೆ ಕಾಯಬೇಕಾದೀತು.

ಕಷ್ಟವಿರುವುದು ಕತ್ತರಿ ಹಿಡಿಯುವುದರಲ್ಲಿ. ಶೀತದೇಶಗಳಲ್ಲಿ ಚಳಿಗಾಲ ಬಂದು ಬಳ್ಳಿಯ ಎಲೆ ಉದುರಿಸಿ ಮಲಗಿಸುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ. ಬಿಟ್ಟರೆ ಬಳ್ಳಿ ವರ್ಷವಿಡೀ ಎಲೆ ಹೊದ್ದು ಬೆಳೆಯುತ್ತಲೇ ಇರುತ್ತದೆ, ಹಣ್ಣಿನ ನೆನಪೇ ಇರುವುದಿಲ್ಲ. ಹಾಗಾಗಿ ಚಳಿಗಾಲದ ಕೆಲಸವನ್ನು ಮನುಷ್ಯನೇ ಮಾಡಬೇಕು. ವಿಜಯಪುರದ ಕಡೆ ಬೆಳೆಗಾರರು ಇದಕ್ಕೆ 'ಚಾಟ್ನಿ' ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಒಂದೆರಡು ಕಣ್ಣು ಮಾತ್ರ ಉಳಿಸಿ ಗಿಡ್ಡವಾಗಿ ಕತ್ತರಿಸುವುದು. ಚಿಗುರಿದ ಕಡ್ಡಿ ಬಲಿತ ಮೇಲೆ ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಮತ್ತೊಮ್ಮೆ ಕತ್ತರಿಸುವುದು. ಸೋಜಿಗವೆಂದರೆ, ಬೇಸಿಗೆಯಲ್ಲಿ ಬರುವ ಗೊಂಚಲು ಹಿಂದಿನ ಏಪ್ರಿಲ್ ಚಾಟ್ನಿಯಾದ ಒಂದೂವರೆ-ಎರಡು ತಿಂಗಳಲ್ಲೇ ಕಣ್ಣಿನೊಳಗೆ ಸದ್ದಿಲ್ಲದೆ ರೂಪುಗೊಂಡಿರುತ್ತದೆ. ಆ ದಿನಗಳಲ್ಲಿ ಕಡ್ಡಿಗೆ ಬಿಸಿಲು ತಾಗದಿದ್ದರೆ ಅಕ್ಟೋಬರ್‌ನಲ್ಲಿ ಎಷ್ಟು ಗೊಬ್ಬರ ಸುರಿದರೂ ವ್ಯರ್ಥ. ಬೆಂಗಳೂರು ಬ್ಲೂ ಈ ವಿಷಯದಲ್ಲಿ ಉದಾರಿ; ಬುಡದ ಕಣ್ಣುಗಳಲ್ಲೂ ಹಣ್ಣು ಕಟ್ಟುವುದರಿಂದ ಎರಡು ಚಾಟ್ನಿಗೂ ಎರಡು ಬೆಳೆ ಕೊಡುತ್ತದೆ.

ಅದರ ಶತ್ರು ಮಳೆಗಾಲದ ಬೂಜು ರೋಗ. ಮದ್ದು ಮಲೆನಾಡಿನವರಿಗೆ ಚಿರಪರಿಚಿತ: ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಬಳಿಯುತ್ತಿದ್ದ ಲೇಪವಿದು. ಬಳಿದ ಬಳ್ಳಿಗಳಿಗೆ ರೋಗ ತಗಲದ್ದನ್ನು ಕಂಡ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಜಗತ್ತಿಗೆ ಸಾರಿದ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿದರು. ಹಿತ್ತಲಿಗೆ ಹತ್ತು ಲೀಟರ್ ನೀರಿಗೆ ಎರಡೂ ನೂರು ನೂರು ಗ್ರಾಂ ಸಾಕು.

ಇನ್ನು ವೈನ್. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ 1ರಷ್ಟು ಮದ್ಯಾಂಶ ಹುಟ್ಟುತ್ತದೆ. ಬೆಂಗಳೂರು ಬ್ಲೂನಲ್ಲಿ ಹುಳಿ ಹೆಚ್ಚು, ಸಕ್ಕರೆ ವೈನ್ ತಳಿಗಳಿಗಿಂತ ಕಡಿಮೆ. ಅದಕ್ಕೇ ನಮ್ಮ ಮನೆಗಳಲ್ಲಿ ಧಾರಾಳವಾಗಿ ಸಕ್ಕರೆ ಸುರಿಯುವುದು. ಒಂದು ಹಂತ ದಾಟಿದ ಮೇಲೆ ಯೀಸ್ಟ್ ಸೋತು ಸುಮ್ಮನಾಗುತ್ತದೆ, ಉಳಿದ ಸಕ್ಕರೆ ಸಿಹಿಯಾಗಿ ನಾಲಿಗೆಗೆ ಸಿಗುತ್ತದೆ. ಜಾಡಿಯ ಬಾಯಿ ಬಿಗಿದು ಮುಚ್ಚಿದರೆ ಒಳಗಿನ ಅನಿಲಕ್ಕೆ ದಾರಿಯಿಲ್ಲದೆ ಸಿಡಿದೀತು.

ಆದರೆ ಜಾಡಿಗಿಂತ ದೊಡ್ಡ ತೊಡಕು ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. 2007ರ ವೈನ್ ನೀತಿ ಉತ್ತೇಜನ ನೀಡಿದ್ದು ಬೆಳೆಗಾರರಿಗೆ, ವೈನ್ ಘಟಕಗಳಿಗೆ, ಅಜ್ಜಿಯ ಜಾಡಿಗಲ್ಲ. ಕೇರಳದಲ್ಲಿ 2019ರ ಕ್ರಿಸ್‌ಮಸ್‌ಗೆ ಮುನ್ನ ಅಬಕಾರಿ ಇಲಾಖೆ ಮನೆವೈನ್ ಕುರಿತು ಹೊರಡಿಸಿದ ಎಚ್ಚರಿಕೆ ಸಾಕಷ್ಟು ಗಲಿಬಿಲಿ ಎಬ್ಬಿಸಿತ್ತು. ಮನೆಮಂದಿಗಷ್ಟೇ ಎಂದು ಮಾಡುವ ಐದು ಲೀಟರನ್ನೂ, ಮಾರಾಟದ ಕಳ್ಳಭಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ಈ ಲೇಖಕನಿಗೆ ಅನಿಸುತ್ತದೆ. ಆದರೂ ಕಾಯ್ದೆ ಕಾಯ್ದೆಯೇ.

ಬಳ್ಳಿಗೆ ಯಾರ ಪರವಾನಗಿಯೂ ಬೇಡ, ರಸಕ್ಕೂ ಬೇಡ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯ, ಚರ್ಚಿನ ಪ್ರಭುಭೋಜನಕ್ಕೆ ಮದ್ಯವಿಲ್ಲದ ವೈನ್ ಬೇಕೆಂದು ಇದೇ ಬಳಗದ ಕಾಂಕಾರ್ಡ್ ದ್ರಾಕ್ಷಿಯ ರಸವನ್ನು ಬಿಸಿ ಮಾಡಿ ಯೀಸ್ಟನ್ನು ಕೊಂದು ಸೀಸೆಗೆ ತುಂಬಿದ. ಬೆಂಗಳೂರು ಬ್ಲೂ ಇದಕ್ಕೂ ಒಗ್ಗುತ್ತದೆ: ಹಣ್ಣು ಹಿಸುಕಿ, ಕುದಿ ಬರುವ ಮೊದಲೇ ಇಳಿಸಿ, ಸೋಸಿ, ಬಿಸಿಯಿರುವಾಗಲೇ ಕುದಿಸಿ ತೊಳೆದ ಸೀಸೆಗೆ ತುಂಬಿ ಮುಚ್ಚಬೇಕು. ತಣಿದ ಮೇಲೆ ಫ್ರಿಜ್ಜಿನಲ್ಲಿಟ್ಟು, ತೆರೆದ ಸೀಸೆಯನ್ನು ಕೆಲವೇ ದಿನಗಳಲ್ಲಿ ಮುಗಿಸಬೇಕು.