ಕಾಗದದ ಕಾಲ್ಚೆಂಡಾಟದಲ್ಲಿ ತಾರತಮ್ಯ ನಿರ್ಣಯ

ಯಮುನೆಯ ಪೂರ್ವದಂಡೆಯಲ್ಲಿರುವ ಮಯೂರ್ ವಿಹಾರದ ಮನೆಗಳು ‘ಪಾಕೆಟ್’ ಎಂಬ ವಿಭಾಗಗಳಲ್ಲಿ ಹಂಚಿಹೋಗಿವೆ. ಆ ಪಾಕೆಟ್ಟುಗಳ ನಡುವಣ ಉದ್ಯಾನಗಳಲ್ಲಿ ಸಂಜೆ ಕಾಲ್ಚೆಂಡಾಡುವ ಹುಡುಗರು ಪಕ್ಷ ಕಟ್ಟಿಕೊಳ್ಳುವ ರೀತಿ ನಮ್ಮ ನಾಡಿನ ಹುಡುಗರ ರೀತಿಗಿಂತ ಬೇರೆಯಲ್ಲ. ಇಬ್ಬರು ನಾಯಕರು ಎದುರುಬದುರಾಗಿ ನಿಲ್ಲುವರು; ಸರದಿಯಂತೆ ಒಬ್ಬೊಬ್ಬನನ್ನೇ ಹೆಸರು ಹಿಡಿದು ಕರೆದುಕೊಳ್ಳುವರು; ಕಟ್ಟಕಡೆಗೆ ಉಳಿದ ಪುಟ್ಟವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಕಾರ್ತಿಕ ಮಾಸದ ಸುಮಾರಿಗೆ ದೆಹಲಿಯ ಗಾಳಿ ಕೆಟ್ಟು, ಹೊರಗೆ ಓಡಿಯಾಡಬಾರದೆಂದು ಹಿರಿಯರು ತಡೆಯುವ ದಿನಗಳು ಬರುತ್ತವೆ. ಅಂಥ ದಿನಗಳಲ್ಲಿ ಅಲ್ಲಿನ ನಿವಾಸಿಗಳಾದ ನಾವು ನಾಲ್ವರು ಸ್ನೇಹಿತರು ಇದೇ ಸರದಿಯ ಆಯ್ಕೆಯನ್ನು ಕಾಗದದ ಮೇಲೆ ಆಡುತ್ತೇವೆ. ಆ ಆಟದಲ್ಲಿ ಯಾರನ್ನು ಮೊದಲು, ಯಾರನ್ನು ಅನಂತರ ಆರಿಸಬೇಕೆಂಬ ತಾರತಮ್ಯವನ್ನು ನಿರ್ಣಯಿಸುವ ಕ್ರಮವೇ ಈ ಲೇಖನದ ವಿಷಯ.

ಆಟದ ನಿಯಮಗಳು ಸರಳ. ನಿಜವಾದ ಪಂದ್ಯಗಳಲ್ಲಿ ಆಡುವ ನಿಜವಾದ ಆಟಗಾರರ ಹೆಸರುಗಳನ್ನು ಪಟ್ಟಿಮಾಡಿಕೊಂಡು, ಒಬ್ಬೊಬ್ಬರೂ ಸರದಿಯಂತೆ ಒಂದೊಂದು ಹೆಸರನ್ನು ಆರಿಸಿಕೊಳ್ಳಬೇಕು. ಒಬ್ಬನು ಆರಿಸಿದ ಹೆಸರು ಇನ್ನೊಬ್ಬನಿಗೆ ಸಲ್ಲದು. ಮುಂದೆ ಆ ಆಟಗಾರರು ಮೈದಾನದಲ್ಲಿ ಗೋಲು ಹೊಡೆದಾಗ, ಗೋಲಿಗೆ ನೆರವಾದಾಗ, ಅಥವಾ ಎದುರಾಳಿಗಳಿಗೆ ಗೋಲು ಕೊಡದೆ ಕಾಪಾಡಿದಾಗ ಅವರನ್ನು ಆರಿಸಿದವನ ಲೆಕ್ಕಕ್ಕೆ ಅಂಕಗಳು ಸೇರುತ್ತವೆ. ಋತುವಿನ ಕೊನೆಗೆ ಹೆಚ್ಚು ಅಂಕ ಪಡೆದವನು ಗೆದ್ದಂತೆ. ಸರದಿ ಹಾವಿನಂತೆ ಹೊರಳುತ್ತದೆ: ಒಂದನೆಯವನು, ಎರಡನೆಯವನು, ಮೂರನೆಯವನು, ನಾಲ್ಕನೆಯವನು, ಮತ್ತೆ ನಾಲ್ಕನೆಯವನೇ, ಮೂರನೆಯವನು, ಹೀಗೆ ಹಿಂದಕ್ಕೆ. ಯಾರು ಎಷ್ಟನೆಯವನೆಂಬುದು ಚೀಟಿ ಎತ್ತಿದಾಗ ಗೊತ್ತಾಗುವುದು. ನಾಲ್ಕನೆಯ ಚೀಟಿ ಬಂದವನ ಮುಖ ಆಗ ಬಾಡುತ್ತದೆ. ಮೂವರು ಉತ್ತಮರು ಕೈಬಿಟ್ಟು ಹೋದ ಮೇಲೆ ತನಗೇನು ಉಳಿಯಿತೆಂದು ಅವನು ಎದ್ದುಹೋದರೆ ಆಟವೇ ಮುರಿಯಿತು. ಆದುದರಿಂದ ನಾಲ್ಕನೆಯವನಿಗೆ ನ್ಯಾಯವಿದೆಯೇ ಎಂಬುದು ನಮ್ಮ ಪಾಲಿಗೆ ಬರಿಯ ಗಣಿತದ ಪ್ರಶ್ನೆಯಲ್ಲ.

ಈ ಬಗೆಯ ಆಟ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಓಕ್ಲೆಂಡ್ ನಗರದ ಬಿಲ್ ವಿಂಕೆನ್‌ಬಾಕ್ ಎಂಬವರು ೧೯೬೨ರಲ್ಲಿ ಇದನ್ನು ಸಂಗಡಿಗರೊಡನೆ ಯೋಚಿಸಿ, ೧೯೬೩ರಲ್ಲಿ ಮೊದಲ ಸರದಿಯ ಆಯ್ಕೆಯನ್ನು ನಡೆಸಿದರು. ಕಾಲಕ್ರಮದಲ್ಲಿ ಅದು ಕೋಟ್ಯಂತರ ಜನರ ಹವ್ಯಾಸವಾಯಿತು. ನಮ್ಮ ದೇಶದಲ್ಲಿ ಕ್ರಿಕೆಟ್ಟನ್ನು ಆಧರಿಸಿ ಹಣ ಕಟ್ಟಿ ಆಡುವ ವ್ಯಾಪಾರವಾಗಿ ಹಬ್ಬಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ನಮ್ಮ ಆಟದಲ್ಲಿ ಹಣದ ಮಾತಿಲ್ಲ. ಸೋತ ಮೂವರು ಗೆದ್ದವನ ಪುಸ್ತಕದ ಚೀಲವನ್ನು ಒಂದು ವಾರ ಬಸ್ಸಿನವರೆಗೆ ಹೊರಬೇಕು, ಅಷ್ಟೆ.

ಈಗ ಪ್ರಕೃತಕ್ಕೆ ಬರೋಣ. ಹೆಚ್ಚು ಅಂಕ ತರುವವನೇ ಹೆಚ್ಚಿನವನು, ಅವನನ್ನೇ ಮೊದಲು ಆರಿಸತಕ್ಕದ್ದು ಎಂದು ಯಾರಿಗಾದರೂ ತೋರುವುದು ಸಹಜ. ಈ ಎಣಿಕೆ ಏಕೆ ಸಲ್ಲದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸುವೆವು. ನಾಲ್ವರಲ್ಲಿ ಪ್ರತಿಯೊಬ್ಬನೂ ಒಬ್ಬ ಗೋಲಿ, ಒಬ್ಬ ರಕ್ಷಣೆಯವ, ಒಬ್ಬ ಮಧ್ಯದವ, ಒಬ್ಬ ಮುಂಚೂಣಿಯವ, ಹೀಗೆ ನಾಲ್ಕು ಜನರನ್ನು ಆರಿಸಬೇಕೆಂದು ಇಟ್ಟುಕೊಳ್ಳೋಣ. ಋತುವಿನಲ್ಲಿ ಅವರಿಂದ ನಿರೀಕ್ಷಿಸಬಹುದಾದ ಅಂಕಗಳು ಹೀಗಿರಲಿ. ಮುಂಚೂಣಿಯವರು: ೨೦೦, ೧೮೦, ೧೫೦, ೧೨೦, ೯೦. ಮಧ್ಯದವರು: ೧೯೦, ೧೮೦, ೧೭೦, ೧೬೫, ೧೬೦, ೧೫೫, ೧೫೦, ೧೪೫, ೧೪೦. ರಕ್ಷಣೆಯವರು: ೧೪೦, ೧೩೦, ೧೨೫, ೧೨೦, ೧೧೦. ಗೋಲಿಗಳು: ೧೫೦, ೧೪೫, ೧೪೦, ೧೩೮, ೧೩೫.

ನಾಲ್ವರಿಗೂ ಒಬ್ಬೊಬ್ಬ ಮುಂಚೂಣಿಯವನು ಬೇಕು. ಆದ್ದರಿಂದ ಮೊದಲ ನಾಲ್ವರು ಹೋಗಿ ಐದನೆಯವನು, ಅಂದರೆ ೯೦ ಅಂಕದವನು, ಯಾರಿಗೂ ಬೇಡವಾಗಿ ಉಳಿಯುತ್ತಾನೆ. ಅವನು ಯಾವಾಗ ಬೇಕಾದರೂ ಪುಕ್ಕಟೆ ಸಿಗತಕ್ಕವನು. ಹೀಗಿರಲು ೨೦೦ರವನಿಂದ ನಮಗಾಗುವ ನಿಜವಾದ ಲಾಭ ೨೦೦ ಅಲ್ಲ, ೧೧೦ ಮಾತ್ರ. ಮಧ್ಯದವರಲ್ಲಿ ಪುಕ್ಕಟೆ ಸಿಗುವ ಐದನೆಯವನೇ ೧೬೦ ಅಂಕದವನಾದುದರಿಂದ ೧೯೦ರವನ ಲಾಭ ಕೇವಲ ೩೦. ಇತ್ತ ಮುಂಚೂಣಿಯ ನಾಲ್ಕನೆಯವನ ಲಾಭವೂ ೧೨೦ರಲ್ಲಿ ೯೦ ಕಳೆದು ೩೦! ಅಂಕಪಟ್ಟಿಯಲ್ಲಿ ಎರಡನೆಯ ಸ್ಥಾನದ ಮಹಾಶಯನೂ, ಎಷ್ಟೋ ಕೆಳಗಿರುವ ಬಡಪಾಯಿಯೂ ತಕ್ಕಡಿಯಲ್ಲಿ ಸಮನಾಗಿ ತೂಗಿದರು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯ ಗಣಿತ ಇದು. ಅಮೆರಿಕದ ಆಟದಲ್ಲಿ ಹೆಚ್ಚು ಅಂಕ ತರುವ ಸ್ಥಾನ ಸಾಮಾನ್ಯವಾಗಿ ಚೆಂಡನ್ನೆಸೆಯುವ ಕ್ವಾರ್ಟರ್‌ಬ್ಯಾಕಿನದು. ಆದರೂ ಪಕ್ಷಕ್ಕೊಬ್ಬನೇ ಸಾಕಾಗುವ ಕಡೆ ಬಲ್ಲವರು ಅವನನ್ನು ಮೊದಲಿಗೆ ಆರಿಸುವುದಿಲ್ಲ. ಈ ಅಂತರದ ಲೆಕ್ಕವನ್ನು ಅಲ್ಲಿ ೧೯೯೦ರ ದಶಕದಲ್ಲಿ ಪ್ರಚಾರಕ್ಕೆ ತಂದವರು ಜೋ ಬ್ರಯಂಟ್.

ಆದರೆ ತತ್ತ್ವ ಹಳೆಯದು. ಅರ್ಥಶಾಸ್ತ್ರವನ್ನು ಓದುವ ಹಿರಿಯ ತರಗತಿಗಳ ಮಿತ್ರರಿಗೆ ಡೇವಿಡ್ ರಿಕಾರ್ಡೊ ಎಂಬ ಪಂಡಿತನು ೧೮೧೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿನ ಗೇಣಿಯ ವಿಚಾರ ನೆನಪಾಗಬಹುದು. ಒಂದು ಹೊಲದ ಗೇಣಿಯನ್ನು ನಿರ್ಧರಿಸುವುದು ಅದರ ಬೆಳೆಯ ಒಟ್ಟು ಮೊತ್ತವಲ್ಲ. ಸಾಗುವಳಿಯಲ್ಲಿರುವ ಅತಿ ಬಡ ಹೊಲದ ಬೆಳೆಗಿಂತ ಅದರ ಬೆಳೆ ಎಷ್ಟು ಹೆಚ್ಚೆಂಬುದು. ಜನ ಹೆಚ್ಚಿ ಇನ್ನೂ ಬಡ ನೆಲವನ್ನು ಉಳಬೇಕಾಗಿ ಬಂದರೆ, ಒಳ್ಳೆಯ ಹೊಲ ಒಂದು ಸೇರು ಹೆಚ್ಚು ಬೆಳೆಯದಿದ್ದರೂ ಅದರ ಗೇಣಿ ಏರುತ್ತದೆ. ಈ ಕೊನೆಯ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಆಟದ ಅತಿ ತೊಡಕಿನ ಭಾಗಕ್ಕೆ ಅದೇ ಬೀಗದ ಕೈ.

ಆ ತೊಡಕು ‘ತೆರೆದ ಸ್ಥಾನ’ದ್ದು. ಈ ಮೇಲಿನ ನಾಲ್ಕು ಸ್ಥಾನಗಳಲ್ಲದೆ ಐದನೆಯದೊಂದಿದ್ದು, ಅದರಲ್ಲಿ ಗೋಲಿಯ ಹೊರತು ಯಾರನ್ನಾದರೂ ನಿಲ್ಲಿಸಬಹುದು. ಇಸ್ಪೀಟಿನ ಜೋಕರಿಗೆ ಇರುವ ಸ್ವಾತಂತ್ರ್ಯ ಇಲ್ಲಿ ಎಲೆಗಲ್ಲ, ಎಲೆಯಿಡುವ ಜಾಗಕ್ಕೆ. ಅಮೆರಿಕದ ಆಟದಲ್ಲಿ ಚೆಂಡು ಹೊತ್ತು ಓಡುವವನು, ಎಸೆದ ಚೆಂಡನ್ನು ಹಿಡಿಯುವವನು, ಟೈಟ್ ಎಂಡ್ ಎಂಬವನು, ಈ ಮೂವರಲ್ಲೊಬ್ಬನಿಗೆ ಇಂಥ ಸ್ಥಾನವಿರುವುದು ವಾಡಿಕೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಕಾಗದದಾಟದಲ್ಲಿಯೂ ಇದರ ಛಾಯೆಯುಂಟು: ಹದಿನೈದು ಜನರಿಂದ ಹನ್ನೊಂದು ಜನರನ್ನು ಇಳಿಸುವಾಗ ಗೋಲಿ ಒಬ್ಬ, ರಕ್ಷಣೆಯವರು ಮೂವರಿಗೆ ಕಡಮೆಯಿಲ್ಲದಂತೆ, ಮುಂಚೂಣಿಯವನು ಒಬ್ಬನಾದರೂ ಇರುವಂತೆ ನೋಡಿಕೊಂಡರೆ ಉಳಿದುದು ಬಹುಮಟ್ಟಿಗೆ ಆಡುವವನ ಇಚ್ಛೆ.

ನಮ್ಮ ಲೆಕ್ಕಕ್ಕೆ ಈಗ ನಾಲ್ಕು ತೆರೆದ ಸ್ಥಾನಗಳು ಸೇರಿದವು. ಅವುಗಳನ್ನು ಯಾರು ತುಂಬುವರು? ಉಳಿದವರಲ್ಲಿ ಮುಂಚೂಣಿಯ ಉತ್ತಮನು ೯೦, ರಕ್ಷಣೆಯ ಉತ್ತಮನು ೧೧೦. ಮಧ್ಯದವರಲ್ಲಾದರೋ ೧೬೦, ೧೫೫, ೧೫೦, ೧೪೫ ಅಂಕದವರು ಸಾಲಾಗಿ ನಿಂತಿದ್ದಾರೆ. ನಾಲ್ಕು ಸ್ಥಾನಗಳೂ ಅವರ ಪಾಲು. ಹೀಗೆ ಮಧ್ಯದವರಲ್ಲಿ ನಾಲ್ವರ ಬದಲು ಎಂಟು ಜನ ಖರ್ಚಾಗಿ, ಪುಕ್ಕಟೆ ಸಿಗುವವನು ೧೬೦ರಿಂದ ೧೪೦ಕ್ಕೆ ಇಳಿಯುತ್ತಾನೆ. ರಿಕಾರ್ಡೊವಿನ ಬಡ ಹೊಲ ಇನ್ನಷ್ಟು ಬಡವಾಯಿತು. ಒಡನೆಯೇ ೧೯೦ರವನ ಲಾಭ ೩೦ರಿಂದ ೫೦ಕ್ಕೂ, ೧೮೦ರವನದು ೨೦ರಿಂದ ೪೦ಕ್ಕೂ ಏರಿತು. ಮುಂಚೂಣಿಯವರ, ರಕ್ಷಣೆಯವರ ಲಾಭಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಈಗ ಕ್ರಮವೇನು? ಮುಂಚೂಣಿಯ ಮೂವರು ೧೧೦, ೯೦, ೬೦ ಎಂದು ಮೊದಲು. ಅನಂತರ ಮಧ್ಯದ ಇಬ್ಬರು, ೫೦ ಮತ್ತು ೪೦. ಆಮೇಲೆ ೩೦ರ ಗುಂಪು. ಒಬ್ಬ ಆಟಗಾರನೂ ಬದಲಾಗಲಿಲ್ಲ, ಒಂದು ಅಂಕವೂ ಹೆಚ್ಚಲಿಲ್ಲ. ಒಂದು ಸ್ಥಾನದ ಬಾಗಿಲು ತೆರೆದ ಮಾತ್ರಕ್ಕೆ ತಾರತಮ್ಯ ಬೇರೆಯಾಯಿತು. ತೆರೆದ ಸ್ಥಾನದಿಂದ ಎಲ್ಲರಿಗೂ ಸಮನಾಗಿ ಬೆಲೆ ಏರುವುದೆಂದು ಕೆಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಯಾವ ಸಾಲಿನಲ್ಲಿ ಒಳ್ಳೆಯ ಹೆಚ್ಚುವರಿ ಜನರಿದ್ದಾರೋ ಆ ಸಾಲಿನ ಮೇಲಿನವರಿಗೆ ಮಾತ್ರ ಅದರ ಫಲ.

ಇನ್ನೊಂದು ಸೂಕ್ಷ್ಮವಿದೆ. ೨೦೦ರ ಮುಂಚೂಣಿಯವನನ್ನು ಈಗಾಗಲೇ ಪಡೆದವನಿಗೆ ೧೮೦ರ ಮುಂಚೂಣಿಯವನ ಬೆಲೆ ೯೦ ಅಲ್ಲ. ಮುಂಚೂಣಿಯ ಸ್ಥಾನ ತುಂಬಿರುವುದರಿಂದ ಅವನನ್ನು ತೆರೆದ ಸ್ಥಾನದಲ್ಲಿ ನಿಲ್ಲಿಸಬೇಕು. ಅಲ್ಲಿ ಅವನ ಪ್ರತಿಸ್ಪರ್ಧಿ ೯೦ರವನಲ್ಲ, ೧೪೦ರ ಮಧ್ಯದವನು. ಆದುದರಿಂದ ಲಾಭ ೪೦. ಅದೇ ಸ್ಥಾನದಲ್ಲಿ ೧೨೦ರ ಮುಂಚೂಣಿಯವನನ್ನು ನಿಲ್ಲಿಸಿದರೆ ೨೦ ಅಂಕ ನಷ್ಟವೇ ಸರಿ. ಒಬ್ಬನ ಬೆಲೆ ಅವನೊಬ್ಬನಲ್ಲಿಲ್ಲ. ಯಾರ ಪಕ್ಷ, ಆ ಪಕ್ಷದಲ್ಲಿ ಈಗಾಗಲೇ ಯಾರಿದ್ದಾರೆ ಎಂಬುದರಲ್ಲಿಯೂ ಇದೆ. ಆದ್ದರಿಂದ ಆಟಕ್ಕೆ ಮೊದಲೇ ಬರೆದಿಟ್ಟ ಒಂದೇ ಪಟ್ಟಿಯನ್ನು ಕೊನೆಯವರೆಗೂ ನಂಬಿ ಕುಳಿತವನಿಗೆ ಚೀಲ ಹೊರುವ ಕೆಲಸ ತಪ್ಪುವುದಿಲ್ಲ.

ಒಬ್ಬನೇ ಆಟಗಾರ ಎರಡು ಸಾಲುಗಳಿಗೂ ಸಲ್ಲುವವನಾದರೆ? ನಮಗೆ ಪ್ರಿಯವಾದ ಉದಾಹರಣೆ ಸುನಿಲ್ ಛೇತ್ರಿಯವರದು. ದೆಹಲಿಯಲ್ಲಿ ಆಡಿ ಬೆಳೆದು, ೨೦೦೨ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಸೇರಿ, ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿಗೆ ನಾಯಕರಾದ ಅವರನ್ನು ದೆಹಲಿಯ ಕನ್ನಡಿಗರು ಎರಡು ಕಡೆಯಿಂದಲೂ ನಮ್ಮವರೆನ್ನಬಹುದು. ೨೦೧೭–೧೮ರ ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರಿನ ಮುಂತುದಿಯಲ್ಲಿ ವೆನೆಜುವೆಲದ ಮಿಕು ಆಡಿ ೧೫ ಗೋಲು ಹೊಡೆದರು. ಹೆಚ್ಚಾಗಿ ಎಡಪಕ್ಕದಿಂದ ನುಗ್ಗುತ್ತಿದ್ದ ಛೇತ್ರಿಯವರು ೧೪ ಹೊಡೆದರು. ಅಂಥವರನ್ನು ಮಧ್ಯದವರೆನ್ನಬೇಕೋ ಮುಂಚೂಣಿಯವರೆನ್ನಬೇಕೋ? ನಮ್ಮ ಕಲ್ಪಿತ ಲೆಕ್ಕದಲ್ಲಿ ೧೭೦ ಅಂಕದವನೊಬ್ಬನು ಮಧ್ಯದವನೆನಿಸಿದರೆ ಅವನ ಲಾಭ ೩೦, ಮುಂಚೂಣಿಯವನೆನಿಸಿದರೆ ೮೦. ಎರಡಕ್ಕೂ ಸಲ್ಲುವವನನ್ನು ಬರಗಾಲವಿರುವ ಸಾಲಿನಲ್ಲಿಟ್ಟು ಬೆಲೆ ಕಟ್ಟತಕ್ಕದ್ದು.

ಅಂಕ ಕೊಡುವ ನಿಯಮ ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ ಎಳೆಯುವುದೂ ಉಂಟು. ಪ್ರೀಮಿಯರ್ ಲೀಗಿನ ಕಾಗದದಾಟದಲ್ಲಿ ಒಂದು ಗೋಲಿಗೆ ಮುಂಚೂಣಿಯವನಿಗೆ ೪ ಅಂಕ, ಮಧ್ಯದವನಿಗೆ ೫, ರಕ್ಷಣೆಯವನಿಗೆ ೬. ೨೦೧೭–೧೮ರಲ್ಲಿ ಲಿವರ್‌ಪೂಲಿನ ಮೊಹಮದ್ ಸಲಾ ೩೨ ಗೋಲು ಹೊಡೆದರು. ಆ ಆಟದ ಪಟ್ಟಿಯಲ್ಲಿ ಅವರು ಮಧ್ಯದವರು. ಗೋಲುಗಳಿಂದಲೇ ಅವರಿಗೆ ಬಂದ ಅಂಕ ೧೬೦. ಮುಂಚೂಣಿಯವರೆಂದು ಬರೆದಿದ್ದರೆ ೧೨೮. ಹೆಸರಿನ ಮುಂದೆ ಬರೆದ ಒಂದು ಪದಕ್ಕೆ ೩೨ ಅಂಕಗಳ ಬೆಲೆ! ಆದ್ದರಿಂದ ಮೊದಲು ನಿಯಮವನ್ನು ಓದಬೇಕು, ಅನಂತರ ಆಟಗಾರನನ್ನು ನೋಡಬೇಕು.

ನಿರೀಕ್ಷೆಯ ಅಂಕಗಳನ್ನು ತಿಳಿಯುವ ಬಗೆಯನ್ನು ವಿಸ್ತರಿಸಲು ಸ್ಥಳವಿಲ್ಲ. ಹಿಂದಿನ ಎರಡು ಮೂರು ಋತುಗಳ ಸರಾಸರಿಯನ್ನೂ, ಆಡಿದ ನಿಮಿಷಗಳನ್ನೂ ನೋಡಿದರೆ ಸಾಕು. ಒಂದು ಉಜ್ಜ್ವಲ ಕ್ಷಣವನ್ನು ಕಂಡು ಮಾರುಹೋಗಬಾರದು. ೨೦೧೯ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಗೋವಾದ ಮೇಲೆ ನಡೆದ ಅಂತಿಮ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲು ಬೆಂಗಳೂರಿಗೆ ಪ್ರಶಸ್ತಿ ತಂದಿತು. ಅದನ್ನು ನೆನೆದರೆ ಈಗಲೂ ನಮಗೆ ರೋಮಾಂಚನ. ಆದರೆ ಭೇಕೆ ರಕ್ಷಣೆಯವರು. ಆ ಗೋಲನ್ನು ನೆಚ್ಚಿ ಮರುವರ್ಷದ ಪಟ್ಟಿಯಲ್ಲಿ ಅವರನ್ನು ಮೇಲೇರಿಸುವುದು ಅಭಿಮಾನವಾದೀತೇ ಹೊರತು ಲೆಕ್ಕವಾಗದು.

ಕಡೆಯದಾಗಿ ನಾಲ್ಕನೆಯ ಚೀಟಿಯವನ ಪ್ರಶ್ನೆ. ಮೊದಲ ಮೂವರು ಮುಂಚೂಣಿಯ ಮೂವರನ್ನು ಒಯ್ದರೆಂದು ಭಾವಿಸೋಣ. ನಾಲ್ಕನೆಯ ಮತ್ತು ಐದನೆಯ ಆಯ್ಕೆಗಳು ಒಟ್ಟಿಗೆ ಇವನ ಕೈಯಲ್ಲಿವೆ. ಮುಂಚೂಣಿಯವರು ಮುಗಿದುಹೋದರೆಂದು ಗಾಬರಿಯಾಗಿ ೧೨೦ರವನನ್ನು ಈಗಲೇ ಹಿಡಿದರೆ ಇವನು ಕೆಟ್ಟ. ಉಳಿದ ಮೂವರ ಮುಂಚೂಣಿ ತುಂಬಿದೆ. ಅವರಿಗೆ ೧೨೦ರವನಿಗೆ ತೆರೆದ ಸ್ಥಾನವೊಂದೇ ಗತಿ. ಅಲ್ಲಿ ಅವನು ನಷ್ಟದ ಬಾಬತ್ತೆಂದು ಆಗಲೇ ಕಂಡೆವು. ಹಾಗಾಗಿ ಅವನು ಹನ್ನೆರಡನೆಯ ಆಯ್ಕೆಯವರೆಗೂ ಕಾದೇ ಇರುತ್ತಾನೆ. ಹೊಟ್ಟೆಕಿಚ್ಚಿಗೆ ಯಾರಾದರೂ ಎತ್ತಿಕೊಂಡರೆ ಕಡಮೆಯೆಂದರೂ ೨೦ ಅಂಕ ತನ್ನದೇ ಜೇಬಿನಿಂದ ತೆರಬೇಕು. ಆದುದರಿಂದ ನಾಲ್ಕನೆಯವನು ೧೯೦, ೧೮೦ರ ಮಧ್ಯದವರಿಬ್ಬರನ್ನೂ ಒಮ್ಮೆಲೇ ತೆಗೆದುಕೊಂಡು, ಒಬ್ಬನನ್ನು ಮಧ್ಯದಲ್ಲಿ, ಇನ್ನೊಬ್ಬನನ್ನು ತೆರೆದ ಸ್ಥಾನದಲ್ಲಿ ನಿಲ್ಲಿಸಿ, ಹನ್ನೆರಡು ಹದಿಮೂರನೆಯ ಆಯ್ಕೆಗಳಲ್ಲಿ ೧೨೦ರ ಮುಂಚೂಣಿಯವನನ್ನೂ ೧೨೦ರ ರಕ್ಷಣೆಯವನನ್ನೂ ನಿಶ್ಚಿಂತೆಯಿಂದ ಕರೆದುಕೊಳ್ಳಬಹುದು. ಗಾಬರಿಪಟ್ಟು ೧೮೦ರವನನ್ನು ಬಿಟ್ಟಿದ್ದರೆ ತೆರೆದ ಸ್ಥಾನಕ್ಕೆ ಆ ಹೊತ್ತಿಗೆ ಸಿಗುತ್ತಿದ್ದವನು ೧೫೦ರ ಆಸುಪಾಸಿನವನು. ತೆರೆದ ಸ್ಥಾನವೊಂದನ್ನು ಸೇರಿಸಿದ ಮೇಲೆ ನಮ್ಮಲ್ಲಿ ನಾಲ್ಕನೆಯ ಚೀಟಿ ಬಂದವನು ಎದ್ದುಹೋದದ್ದಿಲ್ಲ.

ಅವನ ಇಪ್ಪತ್ತನೆಯ ಆಯ್ಕೆ ಗೋಲಿ. ಮೊದಲನೆಯ ಗೋಲಿಗೂ ನಾಲ್ಕನೆಯ ಗೋಲಿಗೂ ಇರುವ ಅಂತರ ೧೨ ಅಂಕ ಮಾತ್ರ. ಅದಕ್ಕಾಗಿ ಯಾರೂ ಅವಸರಪಡಬೇಕಾಗಿಲ್ಲ.